ಹೊರಮೈ ಮೋಹದ ಮೆಲ್ಬರ್ನ್

ಕಟ್ಟಡ ತಲೆಯೆತ್ತಿ ಹೆಚ್ಚು ಕಾಲ ಆಗಿರಲಿಲ್ಲ, ಗಾಜು ಉದುರತೊಡಗಿತು. ಯಾರೂ ಕಲ್ಲು ಬೀಸಿರಲಿಲ್ಲ, ಏನೂ ತಗುಲಿರಲಿಲ್ಲ. 1958ರಲ್ಲಿ ಪೂರ್ಣಗೊಂಡ, ಆಗ ಇಡೀ ಆಸ್ಟ್ರೇಲಿಯಾದಲ್ಲೇ ಅತಿ ಎತ್ತರದ್ದೆನಿಸಿದ್ದ ಮೆಲ್ಬರ್ನ್‌ನ ಐಸಿಐ ಹೌಸ್ ಅದು. ಅದರ ನೀಲಿ ಗಾಜಿನ ಫಲಕಗಳು ಆಗೊಂದು ಈಗೊಂದು ತಮ್ಮಷ್ಟಕ್ಕೆ ತಾವೇ ಸಿಡಿದು ಚೂರಾಗಿ ಬೀದಿಗೆ ಬಿದ್ದವು. ಇಪ್ಪತ್ತು ಮಹಡಿಯ ಮೇಲಿಂದ ಗಾಜು ಬೀಳುವುದೆಂದರೆ ತಮಾಷೆಯಲ್ಲ.

ಕಾರಣ ಹುಡುಕಿದ್ದು ಆಸ್ಟ್ರೇಲಿಯಾ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ. 1961ರಲ್ಲಿ ಅಲ್ಲಿನ ಬ್ಯಾಲಂಟೈನ್ ಎಂಬ ವಿಜ್ಞಾನಿ ಬರೆದ ವರದಿ ತಪ್ಪಿತಸ್ಥನನ್ನು ಗುರುತಿಸಿತು: ಗಾಜಿನೊಳಗೆ ಸಿಕ್ಕಿಕೊಂಡಿದ್ದ, ಒಂದು ಮಿಲಿಮೀಟರ್‌ಗಿಂತಲೂ ಸಣ್ಣ ನಿಕ್ಕಲ್ ಸಲ್ಫೈಡ್ ಕಣ. ಟಫನ್ಡ್ ಗಾಜನ್ನು ಮೊದಲು ಚೆನ್ನಾಗಿ ಕಾಯಿಸಿ, ಆಮೇಲೆ ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಪದರ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಒಳಪದರ ಎಳೆತದಲ್ಲಿ ಉಳಿಯುತ್ತದೆ. ಗಾಜಿನ ಬಲವೆಲ್ಲ ಈ ಎಳೆದಾಟದಲ್ಲೇ ಇದೆ. ಆದರೆ ಆ ಅವಸರದ ತಣಿಸುವಿಕೆಯಲ್ಲಿ ನಿಕ್ಕಲ್ ಸಲ್ಫೈಡ್ ಕಣಕ್ಕೆ ತನ್ನ ಸಹಜ ರೂಪಕ್ಕೆ ಮರಳಲು ಪುರಸೊತ್ತು ಸಿಗುವುದಿಲ್ಲ. ಅದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ರೂಪ ಬದಲಿಸಿ ತುಸು ಹಿಗ್ಗುತ್ತದೆ. ಕಣ ಎಳೆತದ ಪದರದಲ್ಲಿದ್ದರೆ ಫಲಕದ ಕತೆ ಮುಗಿಯಿತು. ಈಗ ಜಗತ್ತಿನ ಎಷ್ಟೋ ಕಾರ್ಖಾನೆಗಳಲ್ಲಿ ಇಂಥ ಗಾಜನ್ನು ಮತ್ತೊಮ್ಮೆ ಗಂಟೆಗಟ್ಟಲೆ ಕಾಯಿಸಿ, ಒಡೆಯುವುದಿದ್ದರೆ ಅಲ್ಲೇ ಒಡೆಯಲಿ ಎಂದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಯ ಹಿಂದಿನ ಪಾಠಗಳಲ್ಲಿ ಮೆಲ್ಬರ್ನ್‌ನ ಈ ಕಟ್ಟಡದ್ದೂ ಒಂದು.

ಐಸಿಐ ಹೌಸ್ ಮೆಲ್ಬರ್ನ್‌ಗೆ ಎರಡು ಹೊಸ ಸಂಗತಿಗಳನ್ನು ತಂದಿತು. ಒಂದು, ಎತ್ತರ. 1916ರಿಂದ ನಗರದಲ್ಲಿ 132 ಅಡಿ, ಅಂದರೆ ಸುಮಾರು 40 ಮೀಟರ್ ಮೀರಿ ಕಟ್ಟುವಂತಿರಲಿಲ್ಲ. ಬೇಟ್ಸ್ ಸ್ಮಾರ್ಟ್ ಮೆಕಚನ್ ಸಂಸ್ಥೆಯ ಆಸ್ಬಾರ್ನ್ ಮೆಕಚನ್ ನಿವೇಶನದ ಒಂದಷ್ಟು ಭಾಗವನ್ನು ಉದ್ಯಾನಕ್ಕೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ 80 ಮೀಟರ್ ದಾಟಲು ಅನುಮತಿ ಪಡೆದರು. ಮತ್ತೊಂದು ಸಂಗತಿ ಇನ್ನೂ ಮುಖ್ಯವಾದದ್ದು. ಇಲ್ಲಿ ಭಾರ ಹೊರುವುದು ಒಳಗಿನ ಚೌಕಟ್ಟು. ಹೊರಗಿನ ಗಾಜಿನ ಗೋಡೆ ಬರೀ ತೂಗುಹಾಕಿದ ಪದರ. ಆರ್ಕಿಟೆಕ್ಟರು ಇದನ್ನು ಕರ್ಟನ್ ವಾಲ್ ಎನ್ನುತ್ತಾರೆ. ಭಾರದ ಹೊಣೆ ಕಳೆದುಕೊಂಡ ಗೋಡೆಗೆ ಬೇರೆ ಕೆಲಸಗಳು ಹುಟ್ಟಿಕೊಂಡವು: ಬೆಳಕು ಬಿಡುವುದು, ಬಿಸಿಲು ತಡೆಯುವುದು, ಕಂಪನಿಯ ಹೆಸರು ಸಾರುವುದು, ನೋಡುವವರನ್ನು ಬೆರಗುಗೊಳಿಸುವುದು, ಕೆಲವೊಮ್ಮೆ ಕತೆ ಹೇಳುವುದು. ಮುಂದಿನ ಆರೂವರೆ ದಶಕಗಳ ಮೆಲ್ಬರ್ನ್ ವಾಸ್ತುಶಿಲ್ಪವನ್ನು ಈ ಹೊರಪದರದ ಕತೆಯಾಗಿಯೇ ಓದಬಹುದು.

ಅದಕ್ಕೆ ಊರಿನ ಭೂಗೋಳವೂ ಕಾರಣ. ಸಿಡ್ನಿಗೆ ಬಂದರಿದೆ, ನೀರಿಗೆ ಚಾಚಿದ ಭೂಶಿರಗಳಿವೆ. ಅಂಥದ್ದೊಂದರ ಮೇಲೆ ಕಟ್ಟಿದ ಆಪೆರಾ ಹೌಸ್ ಎಲ್ಲ ದಿಕ್ಕಿನಿಂದಲೂ ಕಾಣುತ್ತದೆ. ಮೆಲ್ಬರ್ನ್‌ಗೆ ಅಂಥ ವರವಿಲ್ಲ. ಹೆಚ್ಚುಕಡಿಮೆ ಸಮತಟ್ಟು ನೆಲ, ಹೂಳು ಬೆರೆತು ಕಂದುಬಣ್ಣಕ್ಕಿರುವ ಯಾರಾ ನದಿ, 1837ರಲ್ಲಿ ಸರ್ವೇಯರ್ ರಾಬರ್ಟ್ ಹಾಡಲ್ ಗೆರೆ ಎಳೆದ ಚೌಕುಳಿ ಬೀದಿಗಳು. ದೊಡ್ಡ ಬೀದಿಗೆ 99 ಅಡಿ ಅಗಲ, ನಡುವಿನ ಚಿಕ್ಕ ಬೀದಿಗೆ 33 ಅಡಿ. ಇಂಥ ಊರಿನಲ್ಲಿ ಟ್ರಾಮ್ ಹತ್ತಿ ಕೂತವರಿಗೆ ಕಾಣುವುದು ಸಾಲು ಸಾಲು ಮುಂಗೋಡೆಗಳೇ. 1850ರ ದಶಕದ ಚಿನ್ನದ ದುಡ್ಡು, 1880ರ ದಶಕದ ಭೂಮಿ ವ್ಯಾಪಾರದ ಅಬ್ಬರ ಎರಡೂ ಗಾರೆಯ ಹೂಬಳ್ಳಿಗಳಾಗಿ ಆ ಗೋಡೆಗಳ ಮೇಲೆ ಕೂತವು. ಪ್ರಕೃತಿ ಕೊಡದ ನೋಟವನ್ನು ಊರು ತಾನೇ ಕಟ್ಟಿಕೊಂಡಿತು.

ಇದನ್ನು ನೋಡಿ ರೇಗಿದವರು ಮೆಲ್ಬರ್ನ್‌ನವರೇ ಆದ ವಾಸ್ತುಶಿಲ್ಪಿ ರಾಬಿನ್ ಬಾಯ್ಡ್. 1960ರಲ್ಲಿ ಬಂದ ‘ದಿ ಆಸ್ಟ್ರೇಲಿಯನ್ ಅಗ್ಲಿನೆಸ್’ ಪುಸ್ತಕದಲ್ಲಿ ಅವರು, ಕಟ್ಟಡದ ಒಟ್ಟು ರೂಪವನ್ನು ಮರೆತು ಅಲ್ಲೊಂದು ಬಣ್ಣದ ಗೋಡೆ, ಇಲ್ಲೊಂದು ಕಲ್ಲಿನ ತುಣುಕು ಅಂಟಿಸುವ ಚಟಕ್ಕೆ ‘ಫೀಚರಿಸಂ’ ಎಂದು ಹೆಸರಿಟ್ಟರು. ಸೌತ್ ಯಾರಾದ ವಾಲ್ಶ್ ಸ್ಟ್ರೀಟ್‌ನಲ್ಲಿ ಬಾಯ್ಡ್ ತಮಗಾಗಿ ಕಟ್ಟಿಕೊಂಡ ಮನೆ ಬೀದಿಗೆ ಬಹುತೇಕ ಬೆನ್ನು ಹಾಕಿ, ಒಳಗಿನ ಅಂಗಳದತ್ತ ಮುಖ ಮಾಡಿದೆ. ಹಾದುಹೋಗುವವರಿಗೆ ಮುಖ ತೋರಿಸುವ ಗೊಡವೆಯೇ ಬೇಡ ಎಂಬಂತೆ. ಊರು ಅವರನ್ನು ಗೌರವಿಸಿತು, ಪುಸ್ತಕವನ್ನು ಮತ್ತೆ ಮತ್ತೆ ಓದಿತು, ಮತ್ತು ಅವರ ಮಾತನ್ನು ಕೇಳಲಿಲ್ಲ.

ಬಾಯ್ಡ್ ಪಾಲುದಾರರಾಗಿದ್ದ ರಾಯ್ ಗ್ರೌಂಡ್ಸ್ ಅವರ ದೊಡ್ಡ ಕೆಲಸ ಸೇಂಟ್ ಕಿಲ್ಡಾ ರಸ್ತೆಯಲ್ಲಿದೆ: 1968ರಲ್ಲಿ ತೆರೆದ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ. ಗ್ರೌಂಡ್ಸ್, ರೋಂಬರ್ಗ್, ಬಾಯ್ಡ್ ಮೂವರ ಸಂಸ್ಥೆ ಒಡೆದದ್ದು ಈ ಯೋಜನೆ ಯಾರದ್ದೆಂಬ ತಕರಾರಿನಿಂದಲೇ. 1962ರಲ್ಲಿ ಗ್ರೌಂಡ್ಸ್ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರನಡೆದರು. ಹೊರಗಿನಿಂದ ಅದೊಂದು ಕಪ್ಪುಗಲ್ಲಿನ ಕೋಟೆ. ಊರಿನ ಹಳೆಯ ಗೋದಾಮು, ಚರ್ಚು, ಜೈಲು, ಓಣಿಯ ನೆಲಹಾಸು ಎಲ್ಲಕ್ಕೂ ಬಳಕೆಯಾದ, ಸ್ಥಳೀಯರು ಬ್ಲೂಸ್ಟೋನ್ ಎನ್ನುವ ಬಸಾಲ್ಟ್ ಅದು. ಆ ಕೋಟೆಗೆ ಒಂದೇ ಕಮಾನು ಬಾಗಿಲು, ಬಾಗಿಲಲ್ಲಿ ಗಾಜಿನ ಮೇಲೆ ಸದಾ ನೀರಿಳಿಯುವ ಗೋಡೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಆ ನೀರಿಗೆ ಬೆರಳಿಡದೆ ಒಳಗೆ ಹೋದದ್ದಿಲ್ಲ. ಒಳಗಿನ ಗ್ರೇಟ್ ಹಾಲ್‌ನಲ್ಲಿ ಲೆನರ್ಡ್ ಫ್ರೆಂಚ್ ವರ್ಷಗಳ ಕಾಲ ದುಡಿದು ಮಾಡಿದ ಬಣ್ಣದ ಗಾಜಿನ ಮಾಳಿಗೆಯಿದೆ, 224 ತ್ರಿಕೋನಗಳದ್ದು. ಅದನ್ನು ನೋಡುವ ಸರಿಯಾದ ಕ್ರಮ ನೆಲದ ಮೇಲೆ ಅಂಗಾತ ಮಲಗುವುದು, ಮಲಗಿದರೆ ಯಾರೂ ಎಬ್ಬಿಸುವುದಿಲ್ಲ.

ಅಲ್ಲಿಂದ ನಡಿಗೆಯ ದೂರದಲ್ಲಿ, ನದಿಯ ಮಗ್ಗುಲಿನ ಉದ್ಯಾನದಲ್ಲಿ 1959ರ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್ ಇದೆ. ಉಕ್ಕಿನ ಹಗ್ಗಗಳ ಬಲೆಯ ಮೇಲೆ ಅಲ್ಯೂಮಿನಿಯಂ ಹೊದೆಸಿದ ತೆಳು ಪ್ಲೈವುಡ್, ಅದನ್ನು ಎತ್ತಿ ಹಿಡಿದ ಎರಡು ಕಂಬ. ಇಲ್ಲಿ ಹೊರಮೈಯೇ ಇಡೀ ಕಟ್ಟಡ.

ಊರಿನ ಹೊರಮೈ ಮೋಹ ಬಹಿರಂಗ ಜಗಳಕ್ಕೆ ಇಳಿದದ್ದು ಫೆಡರೇಷನ್ ಸ್ಕ್ವೇರ್‌ನಲ್ಲಿ. ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಎದುರು, ರೈಲು ಹಳಿಗಳ ಮೇಲೆ ಚಪ್ಪಡಿ ಹಾಸಿ ಕಟ್ಟಿದ ಚೌಕ ಅದು. ಮೊದಲು ಅಲ್ಲಿ ಗ್ಯಾಸ್ ಆ್ಯಂಡ್ ಫ್ಯೂಯೆಲ್ ಸಂಸ್ಥೆಯ ಎರಡು ಕಂದು ಕಟ್ಟಡಗಳು ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ನೋಟಕ್ಕೆ ಅಡ್ಡ ನಿಂತಿದ್ದವು. ಅವನ್ನು ಕೆಡವಿದಾಗ ಅತ್ತವರು ಯಾರೂ ಇರಲಿಲ್ಲ. 1997ರ ಅಂತರರಾಷ್ಟ್ರೀಯ ಸ್ಪರ್ಧೆಗೆ ಬಂದ 177 ವಿನ್ಯಾಸಗಳಲ್ಲಿ ಗೆದ್ದದ್ದು ಲ್ಯಾಬ್ ಆರ್ಕಿಟೆಕ್ಚರ್ ಸ್ಟುಡಿಯೊದ ಪೀಟರ್ ಡೇವಿಡ್‌ಸನ್ ಮತ್ತು ಡೊನಾಲ್ಡ್ ಬೇಟ್ಸ್.

ಅವರ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಸತು, ಮರಳುಗಲ್ಲು, ಗಾಜು ಮೂರರಲ್ಲೂ ಒಂದೇ ಅಳತೆಯ ಲಂಬಕೋನ ತ್ರಿಕೋನಗಳು. ಒಂದು ಬದಿ ಇನ್ನೊಂದರ ಎರಡರಷ್ಟು. ಈ ತ್ರಿಕೋನಕ್ಕೆ ಒಂದು ವಿಚಿತ್ರ ಗುಣವಿದೆ. ಐದನ್ನು ಸರಿಯಾಗಿ ಜೋಡಿಸಿದರೆ ಅದೇ ಆಕಾರದ ದೊಡ್ಡ ತ್ರಿಕೋನ ಸಿಗುತ್ತದೆ, ಅಂಥ ಐದು ಸೇರಿದರೆ ಇನ್ನೂ ದೊಡ್ಡದು. ಪ್ರತಿ ಸಲವೂ ಆಕಾರ ತುಸು ತಿರುಗಿಕೊಳ್ಳುವುದರಿಂದ ಕಣ್ಣಿಗೆ ನೇರ ಸಾಲು, ಪುನರಾವರ್ತನೆಯ ಲಯ ಯಾವುದೂ ದಕ್ಕುವುದಿಲ್ಲ. ಜಾನ್ ಕಾನ್ವೇ ಮತ್ತು ಚಾರ್ಲ್ಸ್ ರೇಡಿನ್ ಎಂಬ ಗಣಿತಜ್ಞರ ಲೆಕ್ಕ ಇದು. ಗುತ್ತಿಗೆದಾರನಿಗೆ ಒಂದೇ ಅಳತೆಯ ಬಿಲ್ಲೆ, ನೋಡುವವನಿಗೆ ಮುಗಿಯದ ಗೊಂದಲ. ಅಷ್ಟು ಜಾಣತನದ ಹಿಂದೆ ಖರ್ಚೂ ಬೆಳೆಯಿತು. ಆರಂಭದ ಅಂದಾಜನ್ನು ಎಷ್ಟೋ ಪಟ್ಟು ಮೀರಿ ಅದು ಸುಮಾರು 467 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ಮುಟ್ಟಿತು. 1999ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ, ಕೆಥೆಡ್ರಲ್ ಮತ್ತೆ ಮರೆಯಾಗುತ್ತದೆಂದು, ಮೂಲ ನಕ್ಷೆಯಲ್ಲಿದ್ದ ಒಂದು ಗಾಜಿನ ಕಟ್ಟಡವನ್ನೇ ಕತ್ತರಿಸಿತು. 2002ರ ಅಕ್ಟೋಬರ್‌ನಲ್ಲಿ ಚೌಕ ತೆರೆದಾಗ ಪತ್ರಿಕೆಗಳ ಓದುಗರ ಓಲೆಗಳಲ್ಲಿ ಬೈಗುಳದ ಮಳೆ. 2009ರಲ್ಲಿ ಒಂದು ಪ್ರವಾಸಿ ಜಾಲತಾಣ ಜಗತ್ತಿನ ಕುರೂಪಿ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಐದನೇ ಸ್ಥಾನ ಕೊಟ್ಟಿತು.

ಇಷ್ಟೆಲ್ಲ ಬೈಸಿಕೊಂಡದ್ದನ್ನು ಊರು ಸುಮ್ಮನೆ ಬಿಟ್ಟುಕೊಡಲಿಲ್ಲ ಎನ್ನುವುದೇ ಸ್ವಾರಸ್ಯ. 2017ರ ಡಿಸೆಂಬರ್‌ನಲ್ಲಿ, ಚೌಕದ ಯಾರಾ ಬಿಲ್ಡಿಂಗ್ ಕೆಡವಿ ಅಲ್ಲಿ ಆ್ಯಪಲ್ ಮಳಿಗೆ ಕಟ್ಟುವ ಯೋಜನೆ ಹೊರಬಿತ್ತು. ಅಷ್ಟರಲ್ಲಿ ಜನ ಅಲ್ಲಿ ಕೂತು ದೊಡ್ಡ ಪರದೆಯ ಮೇಲೆ ಫುಟ್‌ಬಾಲ್ ನೋಡಿದ್ದರು. 2008ರಲ್ಲಿ ಹೆತ್ತವರಿಂದ ಕಸಿದುಕೊಂಡ ಮೂಲನಿವಾಸಿ ಮಕ್ಕಳ ತಲೆಮಾರುಗಳಿಗೆ ಪ್ರಧಾನಿ ಕೆವಿನ್ ರಡ್ ಕೇಳಿದ ಕ್ಷಮೆಯನ್ನು ಅಲ್ಲೇ ನಿಂತು ಆಲಿಸಿದ್ದರು. ಪ್ರತಿಭಟನೆ ಎದ್ದಿತು. 2019ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಪಾರಂಪರಿಕ ತಾಣಗಳನ್ನು ಕಾಯುವ ಸಂಸ್ಥೆ ಹೆರಿಟೇಜ್ ವಿಕ್ಟೋರಿಯಾ ನೆಲಸಮಕ್ಕೆ ಅನುಮತಿ ನಿರಾಕರಿಸಿತು. ಅದೇ ವರ್ಷ, ಹದಿನೇಳು ವರ್ಷದ ಆ ಚೌಕ ರಾಜ್ಯದ ಪಾರಂಪರಿಕ ತಾಣಗಳ ಪಟ್ಟಿಗೂ ಸೇರಿತು.

ಚೌಕ ದಾಟಿ ಸ್ವಾನ್‌ಸ್ಟನ್ ಸ್ಟ್ರೀಟ್ ಹಿಡಿದರೆ ಲಿಟಲ್ ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಕೌನ್ಸಿಲ್ ಹೌಸ್ 2 ಸಿಗುತ್ತದೆ. ನಗರಸಭೆ ತನ್ನ ಸಿಬ್ಬಂದಿಗೆಂದು 2006ರಲ್ಲಿ ತೆರೆದ ಹತ್ತು ಮಹಡಿಯ ಕಚೇರಿ. ವಿನ್ಯಾಸಕಾರರ ಮುಂದಾಳು ಮಿಕ್ ಪಿಯರ್ಸ್. ಗೆದ್ದಲಿನ ಹುತ್ತದಲ್ಲಿ ಗಾಳಿಯಾಡುವ ಬಗೆಯನ್ನು ನೋಡಿ ಜಿಂಬಾಬ್ವೆಯ ಹರಾರೆಯಲ್ಲಿ ಈಸ್ಟ್‌ಗೇಟ್ ಕಟ್ಟಿದವರು. ಇಲ್ಲಿ ಒಂದೊಂದು ದಿಕ್ಕಿನ ಗೋಡೆಗೂ ಒಂದೊಂದು ಉದ್ಯೋಗ. ಪಶ್ಚಿಮಕ್ಕೆ ಹಳೆಯ ಮರವನ್ನು ಮತ್ತೆ ಬಳಸಿ ಮಾಡಿದ ಕದಗಳಿವೆ. ಸಂಜೆಯ ಬಿಸಿಲು ಆ ಕಡೆ ತಿರುಗಿದಂತೆ ತಾವೇ ಮುಚ್ಚಿಕೊಳ್ಳುತ್ತವೆ, ಅವನ್ನು ತಿರುಗಿಸುವ ವಿದ್ಯುತ್ತೂ ಸೂರ್ಯನದೇ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಬಿಸಿಲು ಬರುವುದು ಉತ್ತರದಿಂದ. ಹಾಗಾಗಿ ಉತ್ತರದ ಗೋಡೆಯಲ್ಲಿ ಕಡುಬಣ್ಣದ ಕೊಳವೆಗಳು. ಅವು ಕಾದಂತೆ ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ದಕ್ಷಿಣದಲ್ಲಿ ತಿಳಿಬಣ್ಣದ ಕೊಳವೆಗಳು ತಂಪು ಗಾಳಿಯನ್ನು ಕೆಳಗಿಳಿಸುತ್ತವೆ. ಬೇಸಿಗೆಯ ರಾತ್ರಿ ಕಿಟಕಿಗಳು ತಾವಾಗಿ ತೆರೆದುಕೊಂಡು, ಅಲೆಯಲೆಯಾದ ಕಾಂಕ್ರೀಟ್ ಮಾಳಿಗೆಯನ್ನು ತಣಿಸಿಟ್ಟುಕೊಳ್ಳುತ್ತವೆ. ಹಗಲು ಆ ತಂಪು ನೌಕರರ ನೆತ್ತಿಯ ಮೇಲಿರುತ್ತದೆ. ಕೆಳಗಿನ ಮಹಡಿಗಳಿಗೆ ಬೆಳಕು ಕಡಿಮೆ ತಲುಪುವುದರಿಂದ ಅಲ್ಲಿ ಕಿಟಕಿ ದೊಡ್ಡವು, ಮೇಲೆ ಹೋದಂತೆ ಚಿಕ್ಕವು. ನಾಲ್ಕೂ ಕಡೆ ಒಂದೇ ಬಗೆಯ ಗಾಜು ಹೊದ್ದು ದಿನವಿಡೀ ಏಸಿ ಓಡಿಸುವ ಕಚೇರಿ ಗೋಪುರಗಳ ನಡುವೆ, ದಿಕ್ಕು ತಿಳಿದ ಕಟ್ಟಡ ಇದು. ಊರಿನ ಹೊರಮೈ ಪ್ರಯೋಗಗಳಲ್ಲಿ ಅತ್ಯಂತ ಬುದ್ಧಿವಂತಿಕೆಯದ್ದು ಯಾವುದೆಂದು ಕೇಳಿದರೆ, ಫೋಟೊಗೆ ಅಷ್ಟೇನೂ ಒಗ್ಗದ ಇದನ್ನೇ ತೋರಿಸಬೇಕು.

ಕತೆ ಹೇಳುವ ಗೋಡೆಗಳಿಗೆ ಅಂಥ ಸಂಕೋಚವಿಲ್ಲ. ನದಿಯಾಚೆಯ 297 ಮೀಟರ್ ಎತ್ತರದ ಯುರೇಕಾ ಟವರ್‌ಗೆ 1854ರ ಚಿನ್ನದ ಗಣಿಗಾರರ ಬಂಡಾಯದ ಹೆಸರಿದೆ. ತುದಿಯ ಹತ್ತು ಮಹಡಿಯ ಗಾಜಿಗೆ ನಿಜವಾದ ಚಿನ್ನದ ಲೇಪ, ಅಲ್ಲಿಂದ ಇಳಿಯುವ ಕೆಂಪು ಪಟ್ಟೆ ಅಂದು ಹರಿದ ರಕ್ತಕ್ಕೆ. ಸ್ವಲ್ಪ ಹೆಚ್ಚೇ ಆಯಿತು ಎನಿಸಿದರೆ ತಪ್ಪಿಲ್ಲ. ಆರ್‌ಎಂಐಟಿ ವಿಶ್ವವಿದ್ಯಾಲಯದ ಸ್ಟೋರಿ ಹಾಲ್‌ಗೆ 1990ರ ದಶಕದ ಮಧ್ಯದಲ್ಲಿ ಎಆರ್‌ಎಂ ಸಂಸ್ಥೆ ಎಂದೂ ಒಂದೇ ಲಯದಲ್ಲಿ ಮರುಕಳಿಸದ, ಹಸಿರು, ನೇರಳೆ ಬಣ್ಣದ ಪೆನ್‌ರೋಸ್ ಬಿಲ್ಲೆಗಳನ್ನು ಹೊದಿಸಿತು.

ಅದೇ ಎಆರ್‌ಎಂ 2015ರಲ್ಲಿ, ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ ಎದ್ದ ಸ್ವಾನ್‌ಸ್ಟನ್ ಸ್ಕ್ವೇರ್ ಎಂಬ ಅಪಾರ್ಟ್‌ಮೆಂಟ್ ಗೋಪುರದ ಮೇಲೆ ಒಂದು ಮುಖ ಮೂಡಿಸಿತು. ಬಾಲ್ಕನಿಗಳ ಬಿಳಿ ಅಂಚುಗಳನ್ನು ಅಲ್ಲಲ್ಲಿ ಉಬ್ಬಿಸಿ, ತಗ್ಗಿಸಿ, ನೆರಳು ಬೆಳಕಿನಲ್ಲೇ ಬರೆದ ಚಿತ್ರ. ಅದು ಈ ನೆಲದ ಮೂಲನಿವಾಸಿಗಳಾದ ವುರುಂಜರಿ ಜನರ ಹಿರಿಯ, ಚಿತ್ರಕಾರ ವಿಲಿಯಂ ಬರಾಕ್ ಅವರ ಮುಖ. ಹತ್ತಿರ ಹೋದರೆ ಅಲೆಯಂಥ ಪಟ್ಟಿಗಳಷ್ಟೇ. ಮುಖ ಕಾಣಬೇಕೆಂದರೆ ಸ್ವಾನ್‌ಸ್ಟನ್ ಸ್ಟ್ರೀಟ್‌ನ ಗೆರೆಯಲ್ಲೇ ದಕ್ಷಿಣಕ್ಕೆ ಸರಿದು, ಯುದ್ಧ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಬೇಕು. 19ನೇ ಶತಮಾನದಲ್ಲಿ ಬರಾಕ್ ಮತ್ತು ಅವರ ಜನ ಕೊರಾಂಡರ್ಕ್ ಎಂಬ ತಮ್ಮ ನೆಲೆಯನ್ನು ಉಳಿಸಿಕೊಡಿ ಎಂದು ಅಲ್ಲಿಂದ ಸುಮಾರು 60 ಕಿಲೋಮೀಟರ್ ನಡೆದು ಮೆಲ್ಬರ್ನ್‌ನ ಸಂಸತ್ತಿಗೆ ಬರುತ್ತಿದ್ದರು. ಭೂಮಿ ಕಳೆದುಕೊಂಡವರ ಮುಖವನ್ನು, ಅದೇ ಭೂಮಿಯ ಮೇಲೆ ಮಾರಾಟಕ್ಕಿಟ್ಟ ಫ್ಲ್ಯಾಟುಗಳ ಅಲಂಕಾರ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಅಂದೇ ಎದ್ದಿತು. ಗೌರವವೂ ಹೌದು, ಜಾಹೀರಾತೂ ಹೌದು. ಒಂದನ್ನು ಇನ್ನೊಂದರಿಂದ ಬಿಡಿಸಿ ಇಡುವುದು ಸುಲಭವಿಲ್ಲ.

ಹೊರಮೈಯೇ ಬೇಡವೆಂದ ಪ್ರಯೋಗವೊಂದು ಭಾರತದಿಂದ ಬಂದಿತ್ತು. ಗ್ಯಾಲರಿಯ ಎದುರಿನ ಕ್ವೀನ್ ವಿಕ್ಟೋರಿಯಾ ಗಾರ್ಡನ್ಸ್‌ನಲ್ಲಿ ವರ್ಷಕ್ಕೊಬ್ಬ ವಾಸ್ತುಶಿಲ್ಪಿ ಕಟ್ಟುತ್ತಿದ್ದ ಎಂಪೆವಿಲಿಯನ್‌ಗೆ 2016ರಲ್ಲಿ ಸ್ಟುಡಿಯೊ ಮುಂಬೈನ ಬಿಜೋಯ್ ಜೈನ್ ಅವರ ಸರದಿ. ಭಾರತದಿಂದ ತರಿಸಿದ ಏಳು ಕಿಲೋಮೀಟರ್ ಬಿದಿರು, ಐದು ಸಾವಿರ ಮರದ ಗೂಟ, 26 ಕಿಲೋಮೀಟರ್ ಹಗ್ಗ. ನಾಲ್ಕೂ ಕಡೆ ಬಯಲು. ಹಗ್ಗದ ಗಂಟುಗಳನ್ನು ಕೈಯಲ್ಲಿ ಮುಟ್ಟಿ ನೋಡಬಹುದಿತ್ತು. ಆ ಚಪ್ಪರ ಈಗ ಮೆಲ್ಬರ್ನ್ ಮೃಗಾಲಯದಲ್ಲಿದೆ.

ಇನ್ನು ಹೊರಮೈ ಮೋಹಕ್ಕೆ ತೆತ್ತ ಬೆಲೆಯ ವಿಚಾರ. 2014ರ ನವೆಂಬರ್ 25ರ ನಸುಕಿನಲ್ಲಿ, ನಗರದ ಪಶ್ಚಿಮಕ್ಕಿರುವ ಡಾಕ್‌ಲ್ಯಾಂಡ್ಸ್‌ನ ಲಕ್ರಾಸ್ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯ ಬಾಲ್ಕನಿಯಲ್ಲಿ ಯಾರೋ ಸೇದಿ ಬಿಟ್ಟ ಸಿಗರೇಟು ಪ್ಲಾಸ್ಟಿಕ್ ಡಬ್ಬಿಯೊಳಗೆ ಹೊತ್ತಿಕೊಂಡಿತು. ಕಾಲು ಗಂಟೆಯೊಳಗೆ ಬೆಂಕಿ ಹೊರಗೋಡೆ ಹಿಡಿದು ಹದಿಮೂರು ಮಹಡಿ ಹತ್ತಿ ತಾರಸಿ ಮುಟ್ಟಿತು. 400ಕ್ಕೂ ಹೆಚ್ಚು ಜನ ಹೊರಗೋಡಿ ಬಂದರು; ಯಾರೂ ಸಾಯಲಿಲ್ಲ. ಬೆಂಕಿಗೆ ಏಣಿಯಾದದ್ದು ಹೊರಗೋಡೆಗೆ ಹೊಡೆದಿದ್ದ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್. ನಮ್ಮೂರಿನ ಅಂಗಡಿ ಬೋರ್ಡಿಗೂ ಕಾಂಪ್ಲೆಕ್ಸ್ ಮುಂಭಾಗಕ್ಕೂ ಬಡಿಯುವ ಎಸಿಪಿ ಶೀಟ್‌ನದೇ ಬಗೆ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಒಬ್ಬಟ್ಟಿನ ಹೂರಣದ ಹಾಗೆ ಪಾಲಿಥೀನ್. ನೋಡಲು ಲೋಹ, ಉರಿಯಲು ಪ್ಲಾಸ್ಟಿಕ್.

ಹೊಣೆ ಯಾರದು? 2019ರಲ್ಲಿ ರಾಜ್ಯದ ನ್ಯಾಯಮಂಡಳಿ ಶೇಕಡಾವಾರು ಹಂಚಿಯೇ ಬಿಟ್ಟಿತು: ಅಗ್ನಿಸುರಕ್ಷತಾ ಎಂಜಿನಿಯರ್‌ಗೆ 39, ಕಟ್ಟಡಕ್ಕೆ ಒಪ್ಪಿಗೆ ಕೊಟ್ಟ ಸರ್ವೇಯರ್‌ಗೆ 33, ಆರ್ಕಿಟೆಕ್ಟ್‌ಗೆ 25, ಸಿಗರೇಟು ಸೇದಿದವನಿಗೆ ಬರೀ 3. ಸಿಗರೇಟು ಎಲ್ಲ ಊರಲ್ಲೂ ಬೀಳುತ್ತದೆ, ಗೋಡೆ ಹೊತ್ತಿಕೊಳ್ಳಬಾರದಿತ್ತು ಎನ್ನುವುದು ಆ ಲೆಕ್ಕದ ಅರ್ಥ. ಅಷ್ಟರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಅಂಥದೇ ಹೊದಿಕೆಯಿಂದ ಹೊತ್ತಿ ಉರಿದು 72 ಜನ ಸತ್ತಿದ್ದರು. 2019ರಲ್ಲೇ ವಿಕ್ಟೋರಿಯಾ ಸರ್ಕಾರ ಅಪಾಯದ ಹೊದಿಕೆ ಕಿತ್ತು ಬದಲಿಸಲು 600 ಮಿಲಿಯನ್ ಡಾಲರ್ ತೆಗೆದಿಟ್ಟಿತು. ಎಷ್ಟೋ ಹೊಸ ಅಪಾರ್ಟ್‌ಮೆಂಟುಗಳು ಮೈಸುತ್ತ ಸಾರುವೆ ಕಟ್ಟಿಸಿಕೊಂಡು ಚರ್ಮ ಬದಲಿಸಿದವು.

ಇದೇ ಊರಿನಲ್ಲಿ ಹೊದಿಕೆಯೇ ಇಲ್ಲದ ಗೋಪುರಗಳೂ ಇವೆ. 1960ರ ದಶಕದಿಂದ ಹೌಸಿಂಗ್ ಕಮಿಷನ್ ಬಡವರಿಗಾಗಿ ಕಟ್ಟಿದ 20, 30 ಮಹಡಿಯ ವಸತಿಗಳು. ಹೆಚ್ಚಿನವು ಹೋಮ್ಸ್‌ಗ್ಲೆನ್ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಲಾರಿಯಲ್ಲಿ ತಂದು, ಕ್ರೇನಿನಿಂದ ಒಂದರ ಮೇಲೊಂದು ಪೇರಿಸಿದವು. ಆ ಹಲಗೆಯೇ ಗೋಡೆ, ಅದೇ ಭಾರ ಹೊರುವ ಕಂಬ, ಅದೇ ಮುಖ. ವಿಯೆಟ್ನಾಂ, ತಿಮೋರ್, ಸೊಮಾಲಿಯಾ, ಇಥಿಯೋಪಿಯಾಗಳಿಂದ ಬಂದ ಕುಟುಂಬಗಳ ಮಕ್ಕಳು ಅಲ್ಲೇ ಆಡಿ ಬೆಳೆದರು. ಪ್ರವಾಸಿ ನಕ್ಷೆಗಳಲ್ಲಿ ಇವುಗಳ ಸುದ್ದಿ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಇಂಥ 44 ಗೋಪುರಗಳನ್ನೂ 2051ರೊಳಗೆ ಕೆಡವಿ ಹೊಸದಾಗಿ ಕಟ್ಟುವುದಾಗಿ ಘೋಷಿಸಿತು. ಇಂದಿನ ಮಾನದಂಡಕ್ಕೆ ಇವು ಹೊಂದುವುದಿಲ್ಲ, ದುರಸ್ತಿ ದುಬಾರಿ ಎಂಬುದು ಅದರ ವಾದ. ಸುಮಾರು ಹತ್ತು ಸಾವಿರ ನಿವಾಸಿಗಳು ಜಾಗ ಖಾಲಿ ಮಾಡಬೇಕು. ಕೆಲವರು ಕೋರ್ಟಿಗೆ ಹೋದರು.

ಕೆಡವದೆ ಉಳಿಸುವ ದಾರಿಯನ್ನೂ ಕೆಲವು ವಾಸ್ತುಶಿಲ್ಪಿಗಳು ಮುಂದಿಟ್ಟಿದ್ದಾರೆ. ಅಂಥವರ ಬಾಯಲ್ಲಿ ಬರುವ ಉದಾಹರಣೆ ಫ್ರಾನ್ಸಿನ ಬೋರ್ಡೊ. ಅಲ್ಲಿ ಆನ್ ಲಕಾಟನ್, ಜಾನ್ ಫಿಲಿಪ್ ವಸಾಲ್ ಮತ್ತು ಜೊತೆಗಾರರು 1960ರ ದಶಕದ ಇಂಥದೇ 530 ಮನೆಗಳಿಗೆ ಹೊರಗಿನಿಂದ ಆಳವಾದ ಗಾಜಿನ ಜಗಲಿಗಳನ್ನು ಜೋಡಿಸಿದರು. ಕೆಲಸ ನಡೆಯುವಾಗಲೂ ಬಾಡಿಗೆದಾರರು ಮನೆ ಬಿಡಲಿಲ್ಲ. ಮುಗಿದ ಮೇಲೆ ಪ್ರತಿ ಮನೆಗೂ ಒಂದು ಕೋಣೆಯಷ್ಟು ಬೆಳಕಿನ ಜಾಗ ಹೆಚ್ಚು ಸಿಕ್ಕಿತು. ಹೊಸ ಹೊರಮೈ, ಆದರೆ ಟ್ರಾಮಿನಲ್ಲಿ ಹಾದುಹೋಗುವವರಿಗಾಗಿ ಅಲ್ಲ, ಒಳಗೆ ಬದುಕುವವರಿಗಾಗಿ. ವಿಕ್ಟೋರಿಯಾ ಸರ್ಕಾರದ ಮನಸ್ಸು ಮಾತ್ರ ಕೆಡವುವ ಕಡೆಗೇ ಇದೆ. ಅದು ಮೊದಲ ಸರದಿಯಲ್ಲೇ ಸೇರಿಸಿದ್ದು ಕಾರ್ಲ್ಟನ್‌ನ ಎರಡು ಕೆಂಪು ಇಟ್ಟಿಗೆಯ ಗೋಪುರಗಳನ್ನು. ಅವು ಆಗಲೇ ಖಾಲಿಯಾಗಿದ್ದವು. ಖಾಲಿಯಾದದ್ದು ಇಟ್ಟಿಗೆಯ ಮುಖ ಕೆಟ್ಟದ್ದರಿಂದಲ್ಲ, ಒಳಗಿನ ಚರಂಡಿ ಪೈಪುಗಳು ರಿಪೇರಿಗೆ ಬಗ್ಗದಷ್ಟು ಹಾಳಾದದ್ದರಿಂದ.